ಸ್ಮಾರ್ಟ್ ವಾಚೋ, ಕ್ರೀಡಾ ತರಬೇತಿಯ ವಾಚೋ? ಗ್ರಾಹಕರಿಗೂ ವರ್ತಕರಿಗೂ ಒಂದು ಅಧ್ಯಯನ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಗಡಿಯಾರದ ಅಂಗಡಿಗೆ ಒಂದು ಕಾಲದಲ್ಲಿ ಬರುತ್ತಿದ್ದ ಗ್ರಾಹಕನಿಗೆ ತಿಳಿಯಬೇಕಾಗಿದ್ದುದು ಎರಡೇ ಸಂಗತಿ: ಗಡಿಯಾರವು ಸಮಯವನ್ನು ಸರಿಯಾಗಿ ತೋರಿಸುತ್ತದೆಯೇ, ಎಷ್ಟು ವರ್ಷ ಬಾಳುತ್ತದೆ? 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯು ಈ ಎರಡು ಪ್ರಶ್ನೆಗಳಿಗೂ ದಶಕಗಳ ಕಾಲ ಉತ್ತರವಾಗಿತ್ತು. 1984ರಲ್ಲಿ ಸ್ಥಾಪನೆಯಾದ ಟೈಟಾನ್ ಸಂಸ್ಥೆಯು ಅದಕ್ಕೆ ಅಂದಚೆಂದವನ್ನು ಸೇರಿಸಿತು. ಎಚ್‌ಎಂಟಿ ವಾಚಸ್ ಸಂಸ್ಥೆಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡುವ ಹೊತ್ತಿಗೆ, ಮಣಿಕಟ್ಟಿನ ಮೇಲಿನ ವಸ್ತುವಿನಿಂದ ಜನರು ಬಯಸುವ ಸೇವೆಯೇ ಬದಲಾಗಿತ್ತು.

ಇಂದಿನ ಗ್ರಾಹಕನು ಹೆಜ್ಜೆಗಳ ಎಣಿಕೆ, ಹೃದಯ ಬಡಿತ, ನಿದ್ರೆಯ ಲೆಕ್ಕ, ಓಟದ ದೂರ, ಫೋನ್ ಕರೆ ಎಲ್ಲವನ್ನೂ ಒಂದೇ ವಾಚಿನಲ್ಲಿ ಕೇಳುತ್ತಾನೆ. ಸಾವಿರ, ಎರಡು ಸಾವಿರ ರೂಪಾಯಿಗಳ ಪೆಟ್ಟಿಗೆಯ ಮೇಲೂ ನೂರಾರು ಕ್ರೀಡಾ ವಿಧಾನಗಳ ಹೆಸರು ಅಚ್ಚಾಗಿರುತ್ತದೆ. ಪಕ್ಕದಲ್ಲಿಯೇ ಹದಿನೈದು, ಇಪ್ಪತ್ತು ಸಾವಿರ ರೂಪಾಯಿಗಳ ತರಬೇತಿ ವಾಚು ಇರುತ್ತದೆ. ನೋಡಲು ಅದು ಹೆಚ್ಚು ಸಾದಾ ಆಗಿಯೂ ಕಾಣಬಹುದು. ಈ ವ್ಯತ್ಯಾಸ ಏತಕ್ಕೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯದಿದ್ದರೆ ಗ್ರಾಹಕನು ಹಣವನ್ನೂ ವರ್ತಕನು ವಿಶ್ವಾಸವನ್ನೂ ಕಳೆದುಕೊಳ್ಳುತ್ತಾರೆ. ಕಲಬುರಗಿ ನಗರ ಮತ್ತು ಕಮಲಾಪುರದಂತಹ ತಾಲ್ಲೂಕು ಕೇಂದ್ರದ ಪರಿಸ್ಥಿತಿಯನ್ನು ಮುಂದಿಟ್ಟುಕೊಂಡು ಈ ಆಯ್ಕೆಯ ವಿಧಾನವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

1. ಎರಡು ಬೇರೆ ಮೂಲಗಳು

ಎರಡೂ ವಾಚುಗಳು ಇಂದು ಒಂದೇ ರೀತಿ ಕಂಡರೂ ಅವುಗಳ ಹುಟ್ಟು ಬೇರೆ. ತರಬೇತಿ ವಾಚಿನ ಮೂಲವು ಸ್ಟಾಪ್‌ವಾಚ್ ಮತ್ತು ಹೃದಯ ಬಡಿತ ಮಾಪಕಗಳಲ್ಲಿದೆ. ಫಿನ್‌ಲೆಂಡಿನಲ್ಲಿ 1977ರಲ್ಲಿ ಸ್ಥಾಪನೆಯಾದ ಪೋಲಾರ್ ಸಂಸ್ಥೆಯು 1982ರಲ್ಲಿ ಎದೆಯ ಪಟ್ಟಿಯಿಂದ ತಂತಿಯಿಲ್ಲದೆ ಬಡಿತವನ್ನು ಮಣಿಕಟ್ಟಿಗೆ ಕಳುಹಿಸುವ ಸಾಧನವನ್ನು ಹೊರತಂದಿತು. ಅಮೆರಿಕದ ಗಾರ್ಮಿನ್ ಸಂಸ್ಥೆಯ ಫೋರ್‌ರನ್ನರ್ ಹೆಸರಿನ ಓಟಗಾರರ ಜಿಪಿಎಸ್ ಸಾಧನವು 2003ರಲ್ಲಿ ಮಾರುಕಟ್ಟೆಗೆ ಬಂದಿತು. ಇವುಗಳ ಬಳಕೆದಾರರು ಕ್ರೀಡಾಪಟುಗಳು ಮತ್ತು ತರಬೇತುದಾರರು; ಇವುಗಳ ಕೆಲಸ ಅಳತೆ.

ಸಾಮಾನ್ಯ ಸ್ಮಾರ್ಟ್ ವಾಚಿನ ಮೂಲವು ಮೊಬೈಲ್ ಫೋನಿನಲ್ಲಿದೆ. 2015ರ ಏಪ್ರಿಲ್‌ನಲ್ಲಿ ಮಾರಾಟಕ್ಕೆ ಬಂದ ಆ್ಯಪಲ್ ವಾಚು ಈ ವರ್ಗವನ್ನು ಮನೆಮಾತಾಗಿಸಿತು. ಬಳಿಕ ಸ್ಯಾಮ್‌ಸಂಗ್ ಮುಂತಾದ ಸಂಸ್ಥೆಗಳೂ, ಭಾರತದಲ್ಲಿ ನಾಯ್ಸ್, ಬೋಟ್, ಫೈರ್‌ಬೋಲ್ಟ್, ಫಾಸ್ಟ್‌ಟ್ರ್ಯಾಕ್ ಮುಂತಾದ ಹೆಸರುಗಳೂ ಈ ವರ್ಗವನ್ನು ಬೆಳೆಸಿದವು. ಇದರ ಮೊದಲ ಕೆಲಸ ಫೋನಿನ ಸಂದೇಶವನ್ನು ಮಣಿಕಟ್ಟಿಗೆ ತರುವುದು. ಅಳತೆ ಎಂಬುದು ಆನಂತರ ಸೇರಿಕೊಂಡ ಸೌಲಭ್ಯ.

ತೊಗರಿಯ ನಾಡಿನ ವರ್ತಕರಿಗೆ ಈ ಭೇದವನ್ನು ತಿಳಿಸಲು ದೂರದ ಹೋಲಿಕೆ ಬೇಕಾಗಿಲ್ಲ. ದಾಲ್ ಮಿಲ್ಲಿನ ಮಾಲೀಕನ ಬಳಿ ಮೊಬೈಲ್ ಫೋನೂ ಇರುತ್ತದೆ, ತೂಕದ ಯಂತ್ರವೂ ಇರುತ್ತದೆ. ಫೋನಿನಲ್ಲಿ ಧಾರಣೆ ತಿಳಿಯುತ್ತದೆ, ವ್ಯವಹಾರ ಕುದುರುತ್ತದೆ. ಆದರೆ ಕ್ವಿಂಟಲ್ ಚೀಲಕ್ಕೆ 3 ಕಿಲೋ ತಪ್ಪು ತೋರಿಸುವ ತೂಕದ ಯಂತ್ರವನ್ನು, ಅದರ ಪರದೆ ಎಷ್ಟೇ ಅಂದವಾಗಿದ್ದರೂ, ಯಾವ ಮಿಲ್ಲಿನವರೂ ಇಟ್ಟುಕೊಳ್ಳುವುದಿಲ್ಲ. ಸಾಮಾನ್ಯ ಸ್ಮಾರ್ಟ್ ವಾಚು ಮಣಿಕಟ್ಟಿಗೆ ಬಂದ ಫೋನು. ತರಬೇತಿ ವಾಚು ಮಣಿಕಟ್ಟಿಗೆ ಬಂದ ತೂಕದ ಯಂತ್ರ. ಆದ್ದರಿಂದ ‘ಯಾವುದರಲ್ಲಿ ಹೆಚ್ಚು ಸೌಲಭ್ಯಗಳಿವೆ’ ಎಂದು ಕೇಳುವುದಕ್ಕಿಂತ, ‘ಅಳತೆ ತಪ್ಪಿದರೆ ನಷ್ಟ ಎಷ್ಟು, ಅದು ಯಾರಿಗೆ’ ಎಂದು ಕೇಳುವುದು ಸೂಕ್ತ.

2. ದೂರದ ಅಳತೆ: ಮೂರು ವಿಧಾನಗಳು

ಓಡಿದ ದೂರವನ್ನು ವಾಚುಗಳು ಮೂರು ವಿಧದಲ್ಲಿ ತಿಳಿಯುತ್ತವೆ.

ಮೊದಲನೆಯದು, ಹೆಜ್ಜೆಯ ಲೆಕ್ಕ. ವಾಚಿನೊಳಗಿನ ಚಲನೆಯ ಸಂವೇದಕವು ಕೈಬೀಸನ್ನು ಗಮನಿಸಿ ಹೆಜ್ಜೆಗಳನ್ನು ಎಣಿಸುತ್ತದೆ. ಬಳಕೆದಾರನ ಎತ್ತರದ ಆಧಾರದ ಮೇಲೆ ಒಂದು ಹೆಜ್ಜೆಯ ಉದ್ದವನ್ನು ಅಂದಾಜು ಮಾಡಿ ಗುಣಿಸುತ್ತದೆ. ವೇಗ ಹೆಚ್ಚಿದಂತೆ ಹೆಜ್ಜೆ ಉದ್ದವಾಗುತ್ತದೆ, ದಣಿದಂತೆ ಚಿಕ್ಕದಾಗುತ್ತದೆ. ಆದ್ದರಿಂದ ಈ ಲೆಕ್ಕವು ನಡಿಗೆಗೆ ಸಾಕಾದರೂ ಓಟದ ತರಬೇತಿಗೆ ಸಾಲದು.

ಎರಡನೆಯದು, ಫೋನಿನಿಂದ ಎರವಲು ಪಡೆದ ಜಿಪಿಎಸ್. ಕಡಿಮೆ ಬೆಲೆಯ ಅನೇಕ ವಾಚುಗಳಲ್ಲಿ ಜಿಪಿಎಸ್ ಗ್ರಾಹಕ ಯಂತ್ರವೇ ಇರುವುದಿಲ್ಲ. ಜೇಬಿನಲ್ಲಿರುವ ಫೋನು ಸ್ಥಳವನ್ನು ಗುರುತಿಸಿ ವಾಚಿಗೆ ತಿಳಿಸುತ್ತದೆ. ಫೋನನ್ನು ಮನೆಯಲ್ಲಿಟ್ಟು ಓಡಿದರೆ ಇಂತಹ ವಾಚು ಮತ್ತೆ ಹೆಜ್ಜೆಯ ಲೆಕ್ಕಕ್ಕೆ ಮರಳುತ್ತದೆ. ಪೆಟ್ಟಿಗೆಯ ಮೇಲೆ ‘ಜಿಪಿಎಸ್ ಸೌಲಭ್ಯ’ ಎಂದಷ್ಟೇ ಇದ್ದಲ್ಲಿ, ಅದು ವಾಚಿನೊಳಗೇ ಇದೆಯೇ ಎಂಬುದನ್ನು ಕೇಳಿ ತಿಳಿಯುವುದು ಅವಶ್ಯ.

ಮೂರನೆಯದು, ವಾಚಿನೊಳಗಿನ ಸ್ವಂತ ಜಿಪಿಎಸ್. ತರಬೇತಿ ವಾಚುಗಳಲ್ಲಿಯೂ ಮೇಲ್ದರ್ಜೆಯ ಸ್ಮಾರ್ಟ್ ವಾಚುಗಳಲ್ಲಿಯೂ ಇದು ಇರುತ್ತದೆ. ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈಡೂ ಉಪಗ್ರಹ ವ್ಯವಸ್ಥೆಗಳ ಸಂಕೇತಗಳನ್ನೂ ಹಿಡಿಯುವ ವಾಚುಗಳಿವೆ. ಎರಡು ತರಂಗಾಂತರಗಳನ್ನು ಹಿಡಿಯುವ ಮಾದರಿಗಳು ಎತ್ತರದ ಕಟ್ಟಡಗಳ ನಡುವೆ ಹೆಚ್ಚು ಸ್ಥಿರವಾಗಿ ಕೆಲಸ ಮಾಡುತ್ತವೆ. ಕಮಲಾಪುರದ ಸುತ್ತಲಿನ ಬಯಲು ಹೊಲಗಳಲ್ಲಿ ಆಕಾಶ ತೆರೆದಿರುವುದರಿಂದ ಸಾಧಾರಣ ಗ್ರಾಹಕ ಯಂತ್ರವೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅಲ್ಲಿ ಓಡುವವನು ಎರಡು ತರಂಗಾಂತರಗಳಿಗಾಗಿ ಹೆಚ್ಚಿನ ಹಣ ತೆರುವ ಅಗತ್ಯ ಕಡಿಮೆ.

ತಪ್ಪಿನ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕರ್ನಾಟಕ ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಓಡಬೇಕಾಗುತ್ತದೆ. ಒಬ್ಬ ಅಭ್ಯರ್ಥಿಯ ವಾಚು ದೂರವನ್ನು ಶೇಕಡಾ 3ರಷ್ಟು ಹೆಚ್ಚಾಗಿ ತೋರಿಸುತ್ತದೆ ಎಂದಿಟ್ಟುಕೊಳ್ಳಬಹುದು. ವಾಚಿನಲ್ಲಿ 1600 ಮೀಟರ್ ಕಾಣಿಸಿದಾಗ ಆತ ನಿಜವಾಗಿ ಓಡಿರುವುದು ಸುಮಾರು 1553 ಮೀಟರ್. ಆಗ ವಾಚಿನಲ್ಲಿ 6 ನಿಮಿಷ 25 ಸೆಕೆಂಡು ಕಂಡರೆ ಆತನು ಐದು ಸೆಕೆಂಡು ಉಳಿಯಿತೆಂದು ಸಂತೋಷಪಡುತ್ತಾನೆ. ಆದರೆ ಅದೇ ವೇಗದಲ್ಲಿ ನಿಜವಾದ 1600 ಮೀಟರ್ ಮುಗಿಸಲು ಸುಮಾರು 6 ನಿಮಿಷ 37 ಸೆಕೆಂಡು ಬೇಕು. ಅಂದರೆ ತಿಂಗಳುಗಟ್ಟಲೆ ಉತ್ತೀರ್ಣನಾಗುತ್ತಿದ್ದೇನೆಂದು ನಂಬಿದವನು ಪರೀಕ್ಷೆಯ ದಿನ ಏಳು ಸೆಕೆಂಡುಗಳಿಂದ ಅನುತ್ತೀರ್ಣನಾಗುತ್ತಾನೆ. ವಾಯುವಿಹಾರಕ್ಕೆ ಹೋಗುವವರಿಗೆ ಶೇಕಡಾ 3 ಏನೂ ಅಲ್ಲ. ಈ ಯುವಕನಿಗೆ ಅದು ಒಂದು ನೌಕರಿ.

3. ಹೃದಯ ಬಡಿತದ ಅಳತೆ

ಮಣಿಕಟ್ಟಿನ ವಾಚುಗಳು ಹಿಂಬದಿಯಿಂದ ಹಸಿರು ಬೆಳಕನ್ನು ಚರ್ಮದೊಳಕ್ಕೆ ಹಾಯಿಸಿ, ರಕ್ತದ ಹರಿವಿನೊಂದಿಗೆ ಬದಲಾಗುವ ಪ್ರತಿಫಲನದಿಂದ ಬಡಿತವನ್ನು ಎಣಿಸುತ್ತವೆ. ವಿಶ್ರಾಂತಿಯಲ್ಲಿಯೂ ಸಮವೇಗದ ನಡಿಗೆಯಲ್ಲಿಯೂ ಈ ವಿಧಾನವು ಸಮಾಧಾನಕರ. ಆದರೆ ವೇಗವು ಒಮ್ಮೆಲೇ ಏರಿ ಇಳಿಯುವ ಓಟದಲ್ಲಿ, ಸೈಕಲ್ಲಿನ ಹಿಡಿಯನ್ನು ಬಿಗಿಹಿಡಿದಾಗ, ಪಟ್ಟಿ ಸಡಿಲವಾಗಿದ್ದಾಗ ಇದು ಹಿಂದೆ ಬೀಳುತ್ತದೆ ಅಥವಾ ಹೆಜ್ಜೆಯ ಲಯವನ್ನೇ ಬಡಿತವೆಂದು ತಪ್ಪಾಗಿ ಎಣಿಸುತ್ತದೆ. ವಾಚಿನ ಬೆಲೆ ಎಷ್ಟೇ ಇದ್ದರೂ ಈ ಮಿತಿ ಪೂರ್ಣವಾಗಿ ಹೋಗುವುದಿಲ್ಲ.

ಎದೆಗೆ ಕಟ್ಟುವ ಪಟ್ಟಿಯು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ತರಬೇತಿಗೆ ಹೆಚ್ಚು ನಂಬಿಕೆಗೆ ಅರ್ಹವಾದುದು. ತರಬೇತಿ ವಾಚುಗಳು ಸಾಮಾನ್ಯವಾಗಿ ಇಂತಹ ಪಟ್ಟಿಯೊಂದಿಗೆ ಕೂಡಿಕೊಳ್ಳುತ್ತವೆ. ಆ್ಯಪಲ್ ವಾಚಿನಂತಹ ಕೆಲವು ಸ್ಮಾರ್ಟ್ ವಾಚುಗಳಲ್ಲಿಯೂ ಈ ಸೌಲಭ್ಯವಿದೆ. ಅಗ್ಗದ ಮಾದರಿಗಳಲ್ಲಿ ಬಹುತೇಕ ಇರುವುದಿಲ್ಲ. ಬಡಿತವನ್ನು ಆಧರಿಸಿ ತರಬೇತಿ ಪಡೆಯುವವರಿಗೆ ಇದೊಂದೇ ಅಂಶವು ಆಯ್ಕೆಯನ್ನು ನಿರ್ಧರಿಸಬಲ್ಲದು.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಅನೇಕ ವಾಚುಗಳು 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತವನ್ನು ನಿಗದಿಪಡಿಸುತ್ತವೆ. ಇದು ಸರಾಸರಿಯ ಸೂತ್ರ. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತಕ್ಕೂ ಹೆಚ್ಚು ಬಡಿತಗಳ ಅಂತರವಿರುವುದು ಅಪರೂಪವಲ್ಲ. ಬಿಸಿಲಿನಲ್ಲಿ ಅದೇ ವೇಗಕ್ಕೆ ಬಡಿತ ಹೆಚ್ಚಾಗುವುದೂ ಸಹಜ. ಕಲಬುರಗಿಯ ಮೇ ತಿಂಗಳ ಓಟವನ್ನು ಡಿಸೆಂಬರ್‌ನ ಓಟದೊಂದಿಗೆ ಬಡಿತದ ಅಂಕಿಗಳಿಂದಷ್ಟೇ ಹೋಲಿಸಿ, ‘ಶಕ್ತಿ ಕುಂದಿದೆ’ ಎಂದು ತೀರ್ಮಾನಿಸಬಾರದು.

ದೇಹದ ಆಮ್ಲಜನಕ ಬಳಕೆಯ ಗರಿಷ್ಠ ಸಾಮರ್ಥ್ಯವೆಂದು ವಾಚು ತೋರಿಸುವ ಅಂಕಿಯೂ ವೇಗ ಮತ್ತು ಬಡಿತಗಳಿಂದ ಮಾಡಿದ ಅಂದಾಜೇ ಆಗಿದೆ. ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ 12 ನಿಮಿಷಗಳ ಓಟದ ಪರೀಕ್ಷೆಯಿಂದ ಯಾರು ಬೇಕಾದರೂ ಇದನ್ನು ಖರ್ಚಿಲ್ಲದೆ ತಾಳೆ ನೋಡಬಹುದು. 12 ನಿಮಿಷದಲ್ಲಿ ಓಡಿದ ಮೀಟರುಗಳಿಂದ 504.9 ಕಳೆದು 44.73ರಿಂದ ಭಾಗಿಸಬೇಕು. 400 ಮೀಟರಿನ ಆರು ಸುತ್ತು, ಅಂದರೆ 2400 ಮೀಟರ್ ಓಡಿದವರಿಗೆ ಈ ಅಂಕಿ ಸುಮಾರು 42 ಆಗುತ್ತದೆ. ಆದರೆ ಇದು ಪೂರ್ಣ ಶಕ್ತಿಯ ಓಟವಾದುದರಿಂದ ಹೃದಯದ ತೊಂದರೆ ಇರುವವರು, ವ್ಯಾಯಾಮದ ರೂಢಿಯಿಲ್ಲದವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

4. ಬಿಸಿಲು, ಬೆವರು ಮತ್ತು ಬ್ಯಾಟರಿ

ವಾಚುಗಳ ಜಾಹೀರಾತುಗಳು ತಂಪು ದೇಶಗಳ ಚಿತ್ರಗಳನ್ನು ತೋರಿಸುತ್ತವೆ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿಯನ್ನು ದಾಟುವ ಕಲಬುರಗಿಯಲ್ಲಿ ಮೂರು ವಿಷಯಗಳನ್ನು ಪ್ರತ್ಯೇಕವಾಗಿ ನೋಡಬೇಕು.

ಪರದೆ: ಅಂಗಡಿಯ ದೀಪದಲ್ಲಿ ಹೊಳೆಯುವ ಅಮೋಲೆಡ್ ಪರದೆಯು ಬಿಸಿಲಿಗೆ ತಕ್ಕಂತೆ ತನ್ನ ಬೆಳಕನ್ನು ಹೆಚ್ಚಿಸಿಕೊಳ್ಳಬೇಕು, ಆಗ ಬ್ಯಾಟರಿ ಬೇಗ ಇಳಿಯುತ್ತದೆ. ಕೆಲವು ತರಬೇತಿ ವಾಚುಗಳ ಮಂಕಾಗಿ ಕಾಣುವ ಪ್ರತಿಫಲನ ಪರದೆಯು ಬಿಸಿಲು ಹೆಚ್ಚಿದಷ್ಟೂ ಸ್ಪಷ್ಟವಾಗುತ್ತದೆ. ವಾಚನ್ನು ಒಮ್ಮೆ ಅಂಗಡಿಯ ಹೊರಗೆ ಬಿಸಿಲಿಗೆ ಹಿಡಿದು ನೋಡುವುದೇ ಇದಕ್ಕೆ ಸರಿಯಾದ ಪರೀಕ್ಷೆ.

ಗುಂಡಿಗಳು: ಬೆವರಿದ ಬೆರಳಿಗೆ ಸ್ಪರ್ಶ ಪರದೆಯು ಸರಿಯಾಗಿ ಸ್ಪಂದಿಸುವುದಿಲ್ಲ. ಸುತ್ತು ಮುಗಿದ ಕ್ಷಣವನ್ನೇ ದಾಖಲಿಸಬೇಕಾದ ಓಟಗಾರನಿಗೆ ಒತ್ತುವ ಗುಂಡಿ ಇರಲೇಬೇಕು. ತರಬೇತಿ ವಾಚುಗಳಲ್ಲಿ ನಾಲ್ಕೈದು ಗುಂಡಿಗಳಿರುವುದಕ್ಕೆ ಇದೇ ಕಾರಣ.

ಬ್ಯಾಟರಿ: 2015ರ ಮೊದಲ ಆ್ಯಪಲ್ ವಾಚಿಗೆ ತಯಾರಕರು ಹೇಳಿದ್ದ ದಿನಬಳಕೆಯ ಅವಧಿ 18 ಗಂಟೆ. 2021ರಲ್ಲಿ ಬಂದ ಗಾರ್ಮಿನ್ ಫೋರ್‌ರನ್ನರ್ 55 ಮಾದರಿಗೆ ಹೇಳಿದ್ದು ಸಾಮಾನ್ಯ ಬಳಕೆಯಲ್ಲಿ ಎರಡು ವಾರ, ಜಿಪಿಎಸ್ ಚಾಲೂ ಇದ್ದಾಗ 20 ಗಂಟೆ. ‘ಏಳು ದಿನದ ಬ್ಯಾಟರಿ’ ಎಂಬ ಮಾತಿಗೆ ಜಿಪಿಎಸ್ ಚಾಲೂ ಇದ್ದಾಗ ಎಷ್ಟು ಗಂಟೆ ಎಂಬ ಮರುಪ್ರಶ್ನೆ ಹಾಕದೆ ಅರ್ಥವಿಲ್ಲ. ಲಿಥಿಯಂ ಬ್ಯಾಟರಿಗೆ ಅತಿಯಾದ ಶಾಖವು ಹಾನಿಕರ; 45 ಡಿಗ್ರಿ ಮೀರಿದ ಸ್ಥಳದಲ್ಲಿ ಚಾರ್ಜ್ ಮಾಡಬಾರದೆಂದು ಅನೇಕ ತಯಾರಕರು ಕೈಪಿಡಿಯಲ್ಲಿ ತಿಳಿಸುತ್ತಾರೆ. ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ವಾಚನ್ನು ಬಿಡಬಾರದೆಂಬ ಸೂಚನೆಯನ್ನು ಮಾರುವಾಗಲೇ ಹೇಳುವುದು ಒಳ್ಳೆಯದು.

ನೀರು ನಿರೋಧಕತೆಯ ‘5 ಎಟಿಎಂ’ ಎಂಬ ಗುರುತು 50 ಮೀಟರ್ ನೀರಿನ ಸ್ಥಿರ ಒತ್ತಡಕ್ಕೆ ಸಮನಾದ ಪರೀಕ್ಷೆಯನ್ನು ಸೂಚಿಸುತ್ತದೆ. 50 ಮೀಟರ್ ಆಳಕ್ಕೆ ಮುಳುಗಬಹುದೆಂದಲ್ಲ. ಬೆವರು ಮತ್ತು ಮಳೆಗೆ ‘ಐಪಿ 67’ ಅಥವಾ ‘ಐಪಿ 68’ ಗುರುತು ಸಾಕಾಗುತ್ತದೆ; ಈಜುವವರು 5 ಎಟಿಎಂ ಗುರುತನ್ನೇ ಕೇಳಬೇಕು.

5. ಫೋನಿನ ನಂಟು ಮತ್ತು ಕನ್ನಡ

ಸಂದೇಶ, ಕರೆ, ಹಣ ಪಾವತಿಯ ಸೂಚನೆ ಇವುಗಳಲ್ಲಿ ಸಾಮಾನ್ಯ ಸ್ಮಾರ್ಟ್ ವಾಚು ಮುಂದಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಹೊಂದಾಣಿಕೆಯನ್ನು ನೋಡಬೇಕು. ಆ್ಯಪಲ್ ವಾಚು ಐಫೋನಿನೊಂದಿಗೆ ಮಾತ್ರ ಕೆಲಸ ಮಾಡುತ್ತದೆ. 2021ರಿಂದ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚುಗಳಿಗೆ ಆಂಡ್ರಾಯ್ಡ್ ಫೋನು ಬೇಕು. ಗಾರ್ಮಿನ್, ಪೋಲಾರ್, ಸುಂಟೊ, ಕೋರೋಸ್ ವಾಚುಗಳು ಎರಡು ಬಗೆಯ ಫೋನುಗಳಿಗೂ ಹೊಂದುತ್ತವೆ. ‘ಬ್ಲೂಟೂತ್ ಕರೆ’ ಎಂದರೆ ಫೋನು ಹತ್ತಿರವೇ ಇರಬೇಕು. ಫೋನಿಲ್ಲದೆ ಕರೆ ಬರಬೇಕಾದರೆ ಇ-ಸಿಮ್ ಇರುವ ದುಬಾರಿ ಮಾದರಿಯೂ ದೂರವಾಣಿ ಸಂಸ್ಥೆಯ ಸೇವೆಯೂ ಬೇಕು.

ಕನ್ನಡದ ಓದುಗರಿಗೆ ಇನ್ನೊಂದು ಪರೀಕ್ಷೆ ಅವಶ್ಯ. ಎಲ್ಲ ವಾಚುಗಳೂ ಕನ್ನಡ ಲಿಪಿಯನ್ನು ಸರಿಯಾಗಿ ತೋರಿಸುವುದಿಲ್ಲ. ಕೆಲವು ಅಕ್ಷರಗಳ ಬದಲು ಖಾಲಿ ಚೌಕಗಳನ್ನು ತೋರಿಸುತ್ತವೆ, ಕೆಲವು ಒತ್ತಕ್ಷರಗಳನ್ನು ಬಿಡಿಸಿಡುತ್ತವೆ. ಕೊಳ್ಳುವ ಮುನ್ನ ‘ಕಲ್ಯಾಣ’, ‘ಅಕ್ಷರ’, ‘ರಾಷ್ಟ್ರ’ ಎಂಬ ಮೂರು ಪದಗಳ ಸಂದೇಶವನ್ನು ಫೋನಿಗೆ ಕಳುಹಿಸಿ ವಾಚಿನಲ್ಲಿ ಓದಿದರೆ ಸಂಶಯ ತೀರುತ್ತದೆ.

6. ಆರೋಗ್ಯದ ಹೇಳಿಕೆಗಳ ಬಗ್ಗೆ ಎಚ್ಚರ

ಚರ್ಮಕ್ಕೆ ಸೂಜಿ ಚುಚ್ಚದೆ ರಕ್ತದ ಸಕ್ಕರೆಯನ್ನು ಅಳೆಯುವುದಾಗಿ ಹೇಳಿಕೊಳ್ಳುವ ವಾಚುಗಳೂ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡಿವೆ. ಇಂತಹ ಯಾವುದೇ ವಾಚು ಅಥವಾ ಉಂಗುರಕ್ಕೆ ತಾನು ಅನುಮತಿ ನೀಡಿಲ್ಲವೆಂದೂ, ತಪ್ಪು ಅಳತೆಯಿಂದ ಇನ್ಸುಲಿನ್ ಪ್ರಮಾಣವು ತಪ್ಪಿ ಪ್ರಾಣಾಪಾಯವಾಗಬಹುದೆಂದೂ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2024ರ ಫೆಬ್ರವರಿಯಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ರಕ್ತದೊತ್ತಡದ ವಿಷಯದಲ್ಲಿಯೂ ತೋಳಿನ ಪಟ್ಟಿಯ ಉಪಕರಣದೊಂದಿಗೆ ಆಗಾಗ ಹೊಂದಿಸಬೇಕಾದ ಕೆಲವೇ ಮಾದರಿಗಳನ್ನು ಹೊರತುಪಡಿಸಿ ಅಗ್ಗದ ವಾಚುಗಳ ಅಂಕಿಗಳನ್ನು ಚಿಕಿತ್ಸೆಗೆ ಆಧಾರವಾಗಿ ಬಳಸಬಾರದು.

ಮಧುಮೇಹವಿರುವ ಗ್ರಾಹಕನು ‘ಇದರಲ್ಲಿ ಶುಗರ್ ಬರುತ್ತದೆಯೇ’ ಎಂದು ಕೇಳಿದಾಗ ‘ಬರುವುದಿಲ್ಲ, ನಂಬಲೂಬೇಡಿ’ ಎನ್ನುವುದು ವರ್ತಕನ ಕರ್ತವ್ಯ. ಆ ಒಂದು ಮಾತಿನಿಂದ ಒಂದು ಮಾರಾಟ ತಪ್ಪಬಹುದು. ಅದನ್ನು ಹೇಳದಿದ್ದರೆ ತಪ್ಪುವುದು ಒಬ್ಬರ ಔಷಧದ ಪ್ರಮಾಣ.

7. ನಾಲ್ಕು ನಿದರ್ಶನಗಳು

ಅಭ್ಯಾಸಕ್ಕಾಗಿ ನಾಲ್ಕು ಬಗೆಯ ಗ್ರಾಹಕರನ್ನು ತೆಗೆದುಕೊಳ್ಳಬಹುದು.

(ಅ) ಕಲಬುರಗಿಯ ಶರಣಬಸವೇಶ್ವರ ಕೆರೆಯ ದಂಡೆಯಲ್ಲಿ ಪ್ರತಿದಿನ ಬೆಳಿಗ್ಗೆ ನಡೆಯುವ ಐವತ್ತೈದು ವಯಸ್ಸಿನ ವರ್ತಕ. ಅವರಿಗೆ ಬೇಕಾದುದು ಹೆಜ್ಜೆಗಳ ಎಣಿಕೆ, ಕರೆಯ ಸೂಚನೆ, ಕನ್ನಡದ ಸಂದೇಶ. ದೂರದಲ್ಲಿ ಶೇಕಡಾ 5 ತಪ್ಪಾದರೂ ನಷ್ಟವಿಲ್ಲ. ಸಾಮಾನ್ಯ ಸ್ಮಾರ್ಟ್ ವಾಚು ಇವರಿಗೆ ತಕ್ಕುದು; ತರಬೇತಿ ವಾಚು ದುಂದು.

(ಆ) ಕಲಬುರಗಿಯಿಂದ ಸುಮಾರು 35 ಕಿಲೋಮೀಟರ್ ದೂರದ ಕಮಲಾಪುರಕ್ಕೆ ಸೈಕಲ್ಲಿನಲ್ಲಿ ಹೋಗಿ ಬರುವ ಅಥವಾ 21.0975 ಕಿಲೋಮೀಟರಿನ ಅರ್ಧ ಮ್ಯಾರಥಾನಿಗೆ ಸಿದ್ಧತೆ ನಡೆಸುವ ಹವ್ಯಾಸಿ. ಬೀದರ್ ರೈಲು ಮಾರ್ಗವು ಸುರಂಗದಲ್ಲಿ ಸಾಗುವ ಮರಗುತ್ತಿಯ ಕಡೆಗೆ ನೆಲ ಏರಿಳಿಯುವುದರಿಂದ, ವಾಯುಭಾರದಿಂದ ಎತ್ತರವನ್ನು ಅಳೆಯುವ ಸಂವೇದಕವೂ ಇವರಿಗೆ ಉಪಯುಕ್ತ. ಸ್ವಂತ ಜಿಪಿಎಸ್, ಗುಂಡಿಗಳು, ಎದೆಪಟ್ಟಿಯ ನಂಟು, ಗಂಟೆಗಟ್ಟಲೆ ಬಾಳುವ ಬ್ಯಾಟರಿ ಇವೆಲ್ಲ ಬೇಕು. ಇವರಿಗೆ ತರಬೇತಿ ವಾಚೇ ಸರಿ.

(ಇ) ಕಮಲಾಪುರದ ಕಡೆಯ ಹಳ್ಳಿಯ, ಪೊಲೀಸ್ ನೇಮಕಾತಿಗೆ ಓಡುವ ಯುವಕ. ಮೇಲಿನ ಲೆಕ್ಕವನ್ನು ಓದಿದವರು ಈತನಿಗೆ ತರಬೇತಿ ವಾಚೇ ಬೇಕೆಂದು ತೀರ್ಮಾನಿಸಬಹುದು. ಆದರೆ ಮನೆಯವರು ಸಾಲ ಮಾಡಿ ಹದಿನೈದು ಸಾವಿರ ಕೊಡುವ ಮುನ್ನ ಯೋಚಿಸಬೇಕು. ಈತನಿಗೆ ಬೇಕಾದುದು ಒಂದೇ ದೂರದ, ಒಂದೇ ಗುರಿಯ ಅಳತೆ. ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಂತಹ ಕಡೆ 400 ಮೀಟರ್ ಪಥದ ಒಳಪಟ್ಟಿಯ ನಾಲ್ಕು ಸುತ್ತು ಎಂದರೆ 1600 ಮೀಟರ್. ಪ್ರತಿ ಸುತ್ತಿಗೆ ದೊರೆಯುವ ಕಾಲ 97.5 ಸೆಕೆಂಡು. ಇದಕ್ಕೆ ಸ್ಟಾಪ್‌ವಾಚ್ ಇರುವ ಸಾದಾ ಡಿಜಿಟಲ್ ವಾಚು ಸಾಕು. ವಾಸ್ತವದಲ್ಲಿ ಪಥದ ತಿರುವುಗಳಲ್ಲಿ ಜಿಪಿಎಸ್ ವಾಚಿಗಿಂತ ಬಿಳಿ ಗೆರೆಯೇ ಹೆಚ್ಚು ನಿಖರ. ಪ್ರತಿದಿನ ನಗರಕ್ಕೆ ಬರಲಾಗದಿದ್ದರೆ ಊರಿನ ಮೈದಾನದಲ್ಲಿ ಅಳತೆ ಪಟ್ಟಿಯಿಂದ 100 ಮೀಟರ್ ಗುರುತಿಸಿಕೊಳ್ಳಬಹುದು. ವಾಹನ ಸಂಚಾರವಿಲ್ಲದ ರಸ್ತೆಯಲ್ಲಿ 200 ಮೀಟರಿಗೊಂದು ಕಲ್ಲು ನೆಟ್ಟಿದ್ದರೆ ಎಂಟು ಅಂತರಗಳೇ 1600 ಮೀಟರ್ ಆಗುತ್ತವೆ. ಉಳಿದ ಹಣವನ್ನು ಒಳ್ಳೆಯ ಬೂಟಿಗೂ ಆಹಾರಕ್ಕೂ ಬಳಸುವುದು ಲೇಸು. ಎರಡು ಸಾವಿರದ, ಸ್ವಂತ ಜಿಪಿಎಸ್ ಇಲ್ಲದ ವಾಚನ್ನು ‘ಓಟಕ್ಕೆ’ ಎಂದು ಈತನಿಗೆ ಮಾರುವುದಂತೂ ಅನ್ಯಾಯ.

(ಈ) ಇಪ್ಪತ್ತು ವಿದ್ಯಾರ್ಥಿಗಳ ತಂಡಕ್ಕೆ ಸಾಧನ ಕೊಳ್ಳುವ ದೈಹಿಕ ಶಿಕ್ಷಣ ಶಿಕ್ಷಕ. ತಲಾ 2,000 ರೂಪಾಯಿಯ ಇಪ್ಪತ್ತು ವಾಚುಗಳಿಗೆ 40,000 ರೂಪಾಯಿ ಆಗುತ್ತದೆ. ಇಪ್ಪತ್ತು ವಾಚುಗಳು ಇಪ್ಪತ್ತು ಬಗೆಯ ದೂರವನ್ನು ತೋರಿಸುತ್ತವೆ. ಅದರ ಬದಲು ಅನೇಕ ಸುತ್ತುಗಳನ್ನು ನೆನಪಿಡುವ ಎರಡು ಸ್ಟಾಪ್‌ವಾಚ್, ಸರಿಯಾಗಿ ಅಳೆದ ಮೈದಾನ, ದೂರದ ಓಟಗಾರರಿಗಾಗಿ ಒಂದು ತರಬೇತಿ ವಾಚು, ಎರಡು ಎದೆಪಟ್ಟಿ ಕೊಂಡರೆ ಕಡಿಮೆ ಖರ್ಚಿನಲ್ಲಿ ಎಲ್ಲರನ್ನೂ ಒಂದೇ ಅಳತೆಯಲ್ಲಿ ನೋಡಬಹುದು.

8. ವರ್ತಕರ ಲೆಕ್ಕಾಚಾರ

ಭಾರತದ ಸ್ಮಾರ್ಟ್ ವಾಚ್ ಮಾರಾಟವು 2022 ಮತ್ತು 2023ರಲ್ಲಿ ವೇಗವಾಗಿ ಏರಿ 2024ರಲ್ಲಿ ಇಳಿಮುಖವಾಯಿತು. ಮೊದಲ ವಾಚಿನಿಂದ ನಿರಾಶನಾದ ಗ್ರಾಹಕನು ಎರಡನೆಯದನ್ನು ಕೊಳ್ಳಲು ಹಿಂಜರಿಯುತ್ತಾನೆ. ಹಾಗೆಂದು ತರಬೇತಿ ವಾಚುಗಳನ್ನು ದಾಸ್ತಾನು ಮಾಡಿದರೆ ಲಾಭ ಖಚಿತವೆಂದೂ ಅಲ್ಲ.

ಕಲ್ಪಿತ ಅಂಕಿಗಳ ಒಂದು ಲೆಕ್ಕ: ಚಿಕ್ಕ ಅಂಗಡಿಯೊಂದು ತಲಾ 15,000 ರೂಪಾಯಿಗಳಿಗೆ ಐದು ತರಬೇತಿ ವಾಚುಗಳನ್ನು ತರುತ್ತದೆ. ಹೂಡಿಕೆ 75,000 ರೂಪಾಯಿ. ಪ್ರತಿ ವಾಚಿಗೆ ಲಾಭ 1,200 ರೂಪಾಯಿ. ಎರಡು ತಿಂಗಳಿಗೊಂದು ಮಾರಾಟ. ವಾರ್ಷಿಕ ಶೇಕಡಾ 12ರ ಬಡ್ಡಿಯಲ್ಲಿ ಒಂದು ವಾಚಿನ ಮೇಲೆ ತಿಂಗಳಿಗೆ 150 ರೂಪಾಯಿ ಬೀಳುತ್ತದೆ. ಐದೂ ಮಾರಾಟವಾಗಲು ಹತ್ತು ತಿಂಗಳು ಹಿಡಿದರೆ ಒಟ್ಟು ಬಡ್ಡಿ 4,500 ರೂಪಾಯಿ. ಒಟ್ಟು ಲಾಭ 6,000 ರೂಪಾಯಿ. ಉಳಿಯುವುದು 1,500 ರೂಪಾಯಿ. ಈ ನಡುವೆ ಹೊಸ ಮಾದರಿ ಬಂದು ಕೊನೆಯ ಎರಡು ವಾಚುಗಳ ಬೆಲೆಯನ್ನು ತಲಾ 1,000 ರೂಪಾಯಿ ಇಳಿಸಬೇಕಾಗಿ ಬಂದರೆ ನಷ್ಟವೇ ಗತಿ. ಆದ್ದರಿಂದ ಕಮಲಾಪುರದ ಅಂಗಡಿಯವರು ತೋರಿಸಲು ಒಂದನ್ನಿಟ್ಟುಕೊಂಡು, ಮುಂಗಡ ಪಡೆದು ನಗರದ ವಿತರಕರಿಂದ ತರಿಸಿಕೊಡುವುದು ಕ್ಷೇಮ.

ಕಾನೂನಿನ ಕಡೆಯಿಂದ ಈ ಅಂಶಗಳನ್ನು ಗಮನಿಸಬೇಕು. ಸ್ಮಾರ್ಟ್ ವಾಚುಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿ ವ್ಯವಸ್ಥೆಗೆ ಒಳಪಟ್ಟಿವೆ. ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯ ಗುರುತನ್ನು ಪರಿಶೀಲಿಸಬೇಕು. 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳ ಪ್ರಕಾರ ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು ಮತ್ತು ವಿಳಾಸ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿನ ಸಂಪರ್ಕ ಇರಬೇಕು. ಇವಿಲ್ಲದ ಸರಕು ಎಷ್ಟೇ ಅಗ್ಗವಾದರೂ ಒಳತರಬಾರದು. ಜಿಎಸ್‌ಟಿ ದರ ಶೇಕಡಾ 18. 2020ರ ಜುಲೈ 20ರಿಂದ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ಲು ನೀಡದಿರುವುದೂ, ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳಲ್ಲಿ, ದೋಷಯುಕ್ತ ಸರಕನ್ನು ಹಿಂಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ಇಲ್ಲದ ಗುಣವನ್ನು ಇದೆಯೆಂದು ಹೇಳುವುದೂ ಹಾಗೆಯೇ. ಗ್ರಾಹಕರು ರಾಷ್ಟ್ರೀಯ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

9. ಮಾರುವ ಮುನ್ನ ಕೇಳಬೇಕಾದ ಆರು ಪ್ರಶ್ನೆಗಳು

ಬೆಲೆಯ ಮಾತಿಗಿಂತ ಮೊದಲು ಈ ಪ್ರಶ್ನೆಗಳನ್ನು ಕೇಳುವ ರೂಢಿಯನ್ನು ಅಂಗಡಿಯ ಸಹಾಯಕರಿಗೆ ಕಲಿಸಬಹುದು.

1. ವಾಚು ಬೇಕಾಗಿರುವುದು ಫೋನಿನ ಕೆಲಸಕ್ಕೋ, ಅಳತೆಗೋ?
2. ಓಡುವಾಗ ಫೋನು ಜೊತೆಯಲ್ಲಿರುತ್ತದೆಯೇ?
3. ಒಂದು ಸಲಕ್ಕೆ ಎಷ್ಟು ಹೊತ್ತು ಓಟ ಅಥವಾ ಸೈಕಲ್ ಸವಾರಿ?
4. ಬಡಿತವನ್ನು ನೋಡಿ ವೇಗ ಬದಲಿಸುವ ಅಭ್ಯಾಸವಿದೆಯೇ? ಇದ್ದರೆ ಎದೆಪಟ್ಟಿ ಕೂಡಿಕೊಳ್ಳುವುದೇ?
5. ಫೋನು ಯಾವುದು? ಕನ್ನಡ ಸಂದೇಶ ಓದಬೇಕೇ?
6. ಅಳತೆ ತಪ್ಪಿದರೆ ಏನು ನಷ್ಟ?

ಆರನೆಯ ಪ್ರಶ್ನೆಗೆ ‘ಏನೂ ಇಲ್ಲ’ ಎಂಬ ಉತ್ತರ ಬಂದರೆ ಸಾಮಾನ್ಯ ಸ್ಮಾರ್ಟ್ ವಾಚನ್ನು ನಿಶ್ಚಿಂತೆಯಿಂದ ಮಾರಬಹುದು. ‘ತರಬೇತಿ ಕೆಡುತ್ತದೆ’ ಎಂದರೆ ತರಬೇತಿ ವಾಚನ್ನು ತೋರಿಸಬೇಕು. ‘ನೌಕರಿ ಹೋಗುತ್ತದೆ’ ಎಂದರೆ ಗ್ರಾಹಕನನ್ನು ಮೊದಲು ಅಳೆದ ಮೈದಾನಕ್ಕೆ ಕಳುಹಿಸಬೇಕು. ‘ಔಷಧದ ಪ್ರಮಾಣ ತಪ್ಪುತ್ತದೆ’ ಎಂದರೆ ಎರಡನ್ನೂ ಬದಿಗಿಟ್ಟು ವೈದ್ಯರ ಕಡೆಗೆ ಕೈತೋರಿಸಬೇಕು.

ಒಟ್ಟಿನಲ್ಲಿ, ಎರಡು ವಾಚುಗಳಲ್ಲಿ ಯಾವುದೂ ಕೀಳಲ್ಲ, ಯಾವುದೂ ಎಲ್ಲರಿಗೂ ಬೇಕಾದುದಲ್ಲ. ನಡೆಯುವವರಿಗೆ ಫೋನಿನ ಗೆಳೆಯನಂತಿರುವ ವಾಚೂ ದೂರ ಓಡುವವರಿಗೆ ಅಳತೆಯ ವಾಚೂ ಸಲ್ಲುತ್ತದೆ. ನೂರೈವತ್ತು ಗ್ರಾಂ ಕಡಿಮೆ ತೂಗುವ ಅಂಗಡಿಯನ್ನು ಊರು ಬೇಗ ಗುರುತಿಸುವಂತೆ, ಏಳು ಸೆಕೆಂಡು ತಪ್ಪಿಸಿದ ಅಂಗಡಿಯನ್ನೂ ಮೈದಾನದ ಹುಡುಗರು ಬೇಗ ಗುರುತಿಸುತ್ತಾರೆ. ‘ನಿನಗೆ ಸದ್ಯ ಸಾದಾ ವಾಚೇ ಸಾಕು’ ಎಂದು ಹೇಳಿ ಕಳುಹಿಸಿದ ಅಂಗಡಿಯನ್ನೂ ಅವರು ಮರೆಯುವುದಿಲ್ಲ. ಮೊದಲ ಸಂಬಳ ಬಂದಾಗ ಅವರು ಹತ್ತುವುದು ಅದೇ ಅಂಗಡಿಯ ಮೆಟ್ಟಿಲು.